ಸ್ಟಾರ್ ಸಿಟಿಜನ್‌ನಲ್ಲಿ ಲೋಡ್ ಹೊಡೆಯೋ ಆಸೆ: ಈಗಲೇ ದುಡ್ಡು ಹಾಕಲಾ, ಇನ್ನೂ ಕಾಯಲಾ?

ಲಾರಿಮಗ | ಶಿವಮೊಗ್ಗ | 12 ಜನವರಿ 2025

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಶೀರ್ಷಿಕೆಯಲ್ಲೇ ಇದೆ. ಸ್ಟಾರ್ ಸಿಟಿಜನ್ ಅಂದ್ರೆ ಬಾಹ್ಯಾಕಾಶದಲ್ಲಿ ಹಡಗು ಓಡಿಸೋ, ಇನ್ನೂ ಪೂರ್ತಿಯಾಗದ ಆನ್‌ಲೈನ್ ಆಟ; ಅದ್ರಲ್ಲಿ ಸರಕು ಸಾಗಿಸೋ ಆಸೆ ನನಗೆ. ಆದ್ರೆ ಹಿನ್ನೆಲೆ ಹೇಳದೆ ಕೇಳಿದ್ರೆ ‘ಅಯ್ಯೋ, ದುಡ್ಡು ಉಳಿಸ್ಕೊಳ್ಳಿ’ ಅಂತ ಒಂದೇ ಸಾಲಲ್ಲಿ ಮುಗಿಸಿಬಿಡ್ತೀರಿ. ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

2004. ದಾವಣಗೆರೆಯಲ್ಲಿ ಡಿಪ್ಲೊಮಾ ಓದ್ತಿದ್ದೆ. ಹಾಸ್ಟೆಲ್ ಹಿಂದಿನ ಸೈಬರ್ ಕೆಫೆಯಲ್ಲಿ ಗಂಟೆಗೆ ಹದಿನೈದು ರೂಪಾಯಿ. ಉಳಿದ ಹುಡುಗರೆಲ್ಲ ಕೌಂಟರ್ ಸ್ಟ್ರೈಕ್‌ನಲ್ಲಿ ಒಬ್ಬರನ್ನೊಬ್ಬರು ಸುಡ್ತಾ ಕೂಗಾಡ್ತಿದ್ರೆ, ನಾನು ಮೂಲೆ ಕಂಪ್ಯೂಟರಿನಲ್ಲಿ ‘ಫ್ರೀಲ್ಯಾನ್ಸರ್’ ಅನ್ನೋ ಬಾಹ್ಯಾಕಾಶದ ಆಟ ಹಾಕ್ಕೊಂಡು ಬೋರಾನ್ ಅನ್ನೋ ಸರಕು ಸಾಗಿಸ್ತಿದ್ದೆ. ಕಥೆ ಮುಗಿಸೋ ಆತುರ ಇರ್ಲಿಲ್ಲ. ಇಲ್ಲಿ ಅಗ್ಗಕ್ಕೆ ತಗೋ, ಟ್ರೇಡ್ ಲೇನ್ (ಆ ಆಟದ ಹೆದ್ದಾರಿ) ಹಿಡಿ, ಅಲ್ಲಿ ಮಾರು, ಬರೋವಾಗ ಖಾಲಿ ಬರಬೇಡ. ಈ ಕೊನೇದನ್ನ ಕಲಿಸಿದ್ದು ಆಟ ಅಲ್ಲ, ಅಪ್ಪ. ಮೂವತ್ತೊಂದು ವರ್ಷ ಲಾರಿ ಓಡಿಸಿದವರು. ಶಿವಮೊಗ್ಗದಿಂದ ಅಕ್ಕಿ ಹೇರ್ಕೊಂಡು ಹುಲಿಕಲ್ ಘಾಟಿ ಇಳಿದು ಮಂಗಳೂರಿಗೆ, ಬರೋವಾಗ ಹಂಚು. ಹಂಚು ಸಿಗದ ದಿನ ಎರಡು ರಾತ್ರಿ ಬೇಕಾದ್ರೂ ಅಲ್ಲೇ ಗಾಡಿ ಕೆಳಗೆ ಮಲಗ್ತಿದ್ರು, ಖಾಲಿ ಗಾಡಿ ಮಾತ್ರ ಘಾಟಿ ಹತ್ತಿಸ್ತಿರ್ಲಿಲ್ಲ.

2012ರ ಅಕ್ಟೋಬರ್‌ನಲ್ಲಿ, ಫ್ರೀಲ್ಯಾನ್ಸರ್ ಕನಸು ಕಂಡಿದ್ದ ಕ್ರಿಸ್ ರಾಬರ್ಟ್ಸ್ ಅವರೇ ವಾಪಸ್ ಬಂದು ಸ್ಟಾರ್ ಸಿಟಿಜನ್ ಘೋಷಿಸಿದಾಗ ಅವತ್ತೇ ದುಡ್ಡು ಹಾಕ್ತಿದ್ದೆ. ಹೊರದೇಶಕ್ಕೆ ನಡೆಯೋ ಕಾರ್ಡ್ ನನ್ನ ಹತ್ರ ಇರ್ಲಿಲ್ಲ, ಬಚಾವಾದೆ. 2014ರ ನವೆಂಬರ್‌ಗೆ ಆಟ ಬರುತ್ತೆ ಅಂದಿದ್ರು. ಆಗ ನನಗೆ ಮದುವೆ ಗೊತ್ತಾಗಿತ್ತು. ಈಗ ಮಗಳು ಐದನೇ ಕ್ಲಾಸು.

ಈಗ ಯಾಕೆ ಮತ್ತೆ ಕೇಳ್ತಿದೀನಿ ಅಂದ್ರೆ, ಮನೆ ಪ್ಲ್ಯಾನ್ ಬರೆಯೋ ಕೆಲಸಕ್ಕೆ ಅಂತ ಹೊಸ ಕಂಪ್ಯೂಟರ್ ತಗೊಂಡೆ. 32 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ಪರವಾಗಿಲ್ಲ ಅನ್ನೋ ಗ್ರಾಫಿಕ್ಸ್ ಕಾರ್ಡ್. (ಹೆಂಡತಿಗೆ ‘ಕೆಲಸಕ್ಕೆ’ ಅಂತಲೇ ಹೇಳಿರೋದು. ಸುಳ್ಳೇನಲ್ಲ.) ಹೋದ ತಿಂಗಳು ಆಟದ 4.0 ಆವೃತ್ತಿಯ ಪ್ರಿವ್ಯೂ ಬಂತು, ಪೈರೋ ಅನ್ನೋ ಹೊಸ ನಕ್ಷತ್ರ ವ್ಯವಸ್ಥೆ ತೆರೀತು. ನನಗೆ ಅದಕ್ಕಿಂತ ದೊಡ್ಡ ಸುದ್ದಿ ಅದಕ್ಕೂ ಮುಂಚೆ ಆಗಸ್ಟ್‌ನಲ್ಲಿ ಬಂದ 3.24. ಸರಕಿನ ಲಿಫ್ಟ್ ಮೇಲೆ ಪೆಟ್ಟಿಗೆ ಬರುತ್ತೆ, ಟ್ರ್ಯಾಕ್ಟರ್ ಬೀಮ್ (ದೂರದಿಂದಲೇ ವಸ್ತು ಎತ್ತೋ ಕಿರಣ) ಹಿಡಿದು ಒಂದೊಂದೇ ಎತ್ತಿ ನೀವೇ ಜೋಡಿಸ್ಬೇಕು. ಗುಂಡಿ ಒತ್ತಿದ್ರೆ ಸರಕು ಮಾಯ ಆಗೋ ಕಾಲ ಹೋಯ್ತು. ಇದಕ್ಕೇ ನಾನು ಇಪ್ಪತ್ತು ವರ್ಷ ಕಾದಿದ್ದು ಅನ್ನಿಸ್ತು.

ಅದರ ವಿಡಿಯೋ ಅಪ್ಪಂಗೂ ತೋರಿಸ್ದೆ. ಎಪ್ಪತ್ತೆರಡು ವರ್ಷ ಅವರಿಗೆ. ಕನ್ನಡಕ ಹಾಕ್ಕೊಂಡು ಪೂರ್ತಿ ನೋಡಿ ಕೇಳಿದ್ದು ಎರಡೇ ಮಾತು: ‘ಹಗ್ಗ ಎಲ್ಲೋ? ತಾಡಪಾಲು ಎಲ್ಲೋ?’

ಆಸೆ ಇಷ್ಟೇ. ಯುದ್ಧ ಬೇಡ, ಅನ್ಯಗ್ರಹದ ಜೀವಿ ಬೇಡ. ರಾತ್ರಿ ಒಂಬತ್ತೂವರೆಯಿಂದ ಹನ್ನೊಂದೂವರೆ ತನಕ ಒಂದು ಟ್ರಿಪ್. ಭಯಗಳು ಜಾಸ್ತಿ. ದುಡಿದು ಗಾಡಿ ತಗೊಂಡ ಮೇಲೆ ಎಲ್ಲ ಅಳಿಸಿ ಮೊದಲಿಂದ ಶುರು ಮಾಡಿ ಅಂದ್ರೆ? ಪೈರೋದಲ್ಲಿ ಕಾನೂನೇ ಇಲ್ವಂತೆ, ನನ್ನಂಥವನು ಅಲ್ಲಿ ಬರೀ ಬೇಟೆಯಾ? ಎಲ್ಲಕ್ಕಿಂತ ಹೆಚ್ಚಾಗಿ, ಆಟ ಪೂರ್ತಿ ಆಗೋ ಹೊತ್ತಿಗೆ ಬಂದೂಕಿನ ಮಂದಿ ಗಲಾಟೆ ಮಾಡಿ ಲಾರಿಯವರ ಕೆಲಸವನ್ನೇ ತೆಗೆಸಿಬಿಟ್ರೆ? ಅತೀ ಕಡಿಮೆ ಪ್ಯಾಕ್ 45 ಡಾಲರ್, ನಾಲ್ಕು ಸಾವಿರದ ಹತ್ರ. ನನಗೆ ಅದು ಸಣ್ಣ ದುಡ್ಡಲ್ಲ. ಹೇಳಿ.

ಬಸವನಗುಡಿ_ಪೈಲಟ್ | ಬೆಂಗಳೂರು

ಅಣ್ಣ, ಮೊದಲು ಅಪ್ಪಾಜಿಗೆ ಉತ್ತರ. ಹಗ್ಗ ಬೇಡ, ಯಾಕಂದ್ರೆ ಗಾಡಿಯ ನೆಲದಲ್ಲಿ ಗ್ರಿಡ್ ಇದೆ. ಪೆಟ್ಟಿಗೆ ಅದರ ಮೇಲೆ ಬಂದ್ರೆ ತಾನೇ ಕಚ್ಕೊಳ್ಳುತ್ತೆ. ಗ್ರಿಡ್ ಬಿಟ್ಟು ಸಂದಿಯಲ್ಲಿ ಓವರ್‌ಲೋಡ್ ತುರುಕಿದ್ರೆ ಮಾತ್ರ ಉರುಳಾಡುತ್ತೆ. ತಾಡಪಾಲಂತೂ ಇಲ್ಲ. ಹಲ್ ಎ ಅಂತ ಒಂದು ಗಾಡಿ ಇದೆ, ಅದರಲ್ಲಿ ಸರಕೆಲ್ಲ ಹೊರಗಡೇನೇ ನೇತಾಡ್ಕೊಂಡು ಹೋಗುತ್ತೆ, 64 ಎಸ್‌ಸಿಯು (ಆಟದಲ್ಲಿ ಸರಕಿನ ಅಳತೆ). ಅಪ್ಪಾಜಿ ನೋಡಿದ್ರೆ ಬೈತಾರೆ.

ಅಳತೆ ಗೊತ್ತಾಗ್ಲಿ ಅಂತ ಹೇಳ್ತೀನಿ: ಅರೋರಾ ಎಂಆರ್ ಅಂದ್ರೆ ಲಗೇಜ್ ಕಟ್ಟಿದ ಸ್ಕೂಟರ್. ಅವೆಂಜರ್ ಟೈಟನ್ 8 ಎಸ್‌ಸಿಯು, ಟಾಟಾ ಏಸ್ ಅನ್ಕೊಳ್ಳಿ. ಸಿ2 ಹರ್ಕ್ಯುಲಿಸ್ 696, ಹದಿನಾರು ಚಕ್ರದ್ದು. 45 ಡಾಲರ್‌ಗೆ ನಿಮಗೆ ಸಿಗೋದು ಸ್ಕೂಟರ್. ಅದಕ್ಕಿಂತ ಒಂದು ಪೈಸೆ ಜಾಸ್ತಿ ಹಾಕ್ಬೇಡಿ. ದೊಡ್ಡ ಗಾಡಿಗಳು ಆಟದ ದುಡ್ಡಿಗೇ ಸಿಗ್ತವೆ, ಬಾಡಿಗೆಗೂ ಸಿಗ್ತವೆ.

ಕೆಲಸದಲ್ಲಿ ಎರಡು ಥರ. ಒಂದು, ಸ್ವಂತ ಬಂಡವಾಳದಲ್ಲಿ ಸರಕು ಕೊಂಡು ಮಾರೋದು. ಇನ್ನೊಂದು 3.24ರಲ್ಲಿ ಬಂದ ಹಾಲಿಂಗ್ ಕಾಂಟ್ರಾಕ್ಟ್: ಸರಕು ಬೇರೆಯವರದ್ದು, ನಿಮಗೆ ಬಾಡಿಗೆ ಮಾತ್ರ. ನೀವು ಇದನ್ನೇ ಹಿಡೀರಿ. ಗಾಡಿ ಹೋದ್ರೆ ಇನ್ಶೂರೆನ್ಸ್ ಇದೆ, ಕಾದ್ರೆ ವಾಪಸ್ ಬರುತ್ತೆ. ಸ್ವಂತ ಲೋಡಿಗೆ ಇನ್ಶೂರೆನ್ಸ್ ಇಲ್ಲ. ಪೈರೋ ಕಡೆ ತಲೆ ಹಾಕಿ ಮಲಗ್ಬೇಡಿ, ಸ್ಟ್ಯಾಂಟನ್ ಅನ್ನೋ ಹಳೇ ನಕ್ಷತ್ರ ವ್ಯವಸ್ಥೆಯಲ್ಲೇ ನಾಲ್ಕು ಗ್ರಹ ಇವೆ, ವರ್ಷಕ್ಕಾಗುವಷ್ಟು ರಸ್ತೆ.

ಅಳಿಸೋ ವಿಷಯ ಮುಚ್ಚಿಡಲ್ಲ. 2023ರ ಮಾರ್ಚ್‌ನಲ್ಲಿ 3.18 ಬಂದಾಗ ಎಲ್ಲರದ್ದೂ ಅಳಿಸಿದ್ರು. ಡಾಲರ್ ಕೊಟ್ಟು ತಗೊಂಡಿದ್ದು ಉಳೀತು, ಆಟದಲ್ಲಿ ದುಡಿದಿದ್ದು ಹೋಯ್ತು. ಆಟ ಇನ್ನೂ ಆಲ್ಫಾ, ಅಂದ್ರೆ ಪರೀಕ್ಷೆಯ ಹಂತ, ಮುಂದೆಯೂ ಆಗಬಹುದು. ಉಳಿತಾಯಕ್ಕೆ ಆಡೋದಾದ್ರೆ ಬೇಡ, ಅವತ್ತಿನ ಟ್ರಿಪ್ಪಿಗೆ ಆಡೋದಾದ್ರೆ ಬನ್ನಿ.

ಶಂಕಾಸುರ | ಮೈಸೂರು

ಹೆಸರಿಗೆ ತಕ್ಕಂತೆ ಬರೆಯುತ್ತೇನೆ, ಬೇಸರಿಸಬೇಡಿ.

ಫ್ರೀಲ್ಯಾನ್ಸರ್ ನೆನಪಿನಿಂದ ಹೊರಟಿದ್ದೀರಿ, ಸರಿ. ಆ ಆಟ ಹೇಗೆ ಮುಗಿಯಿತು ಎಂಬುದನ್ನೂ ನೆನಪಿಸಿಕೊಳ್ಳಿ. ರಾಬರ್ಟ್ಸ್ ಅವರ ಡಿಜಿಟಲ್ ಆನ್ವಿಲ್ ಕಂಪನಿ ಅದನ್ನು ವರ್ಷಗಟ್ಟಲೆ ಹಿಗ್ಗಿಸಿತು. 2000ದಲ್ಲಿ ಮೈಕ್ರೋಸಾಫ್ಟ್ ಕಂಪನಿಯನ್ನೇ ಕೊಂಡಿತು, ಅವರು ಹೊರನಡೆದರು, ಕನಸಿನ ರೆಕ್ಕೆಪುಕ್ಕ ಕತ್ತರಿಸಿದ ಮೇಲೆ 2003ರಲ್ಲಿ ಆಟ ಹೊರಬಂತು. ನೀವು ಸೈಬರ್ ಕೆಫೆಯಲ್ಲಿ ಪ್ರೀತಿಸಿದ್ದು ಆ ಕತ್ತರಿಸಿದ ಆಟವನ್ನು. ‘ಸಾಕು, ಮುಗಿಸಿ’ ಎನ್ನುವವರು ಒಬ್ಬರಿದ್ದರು, ಆದ್ದರಿಂದ ಅದು ನಿಮ್ಮ ಕೈಗೆ ಬಂತು. ಈಗ ಹಾಗೆ ಹೇಳುವವರು ಯಾರು? ಸ್ಟಾರ್ ಸಿಟಿಜನ್‌ಗೆ 2012ರಲ್ಲಿ ಅಭಿಮಾನಿಗಳಿಂದ 62 ಲಕ್ಷ ಡಾಲರ್ ಬಂದಾಗ ಅದೇ ದೊಡ್ಡ ಸುದ್ದಿ. ಈಗ ಒಟ್ಟು 70 ಕೋಟಿ ದಾಟಿದೆ. 27,000 ಡಾಲರಿನ ಹಡಗುಗಳ ಕಟ್ಟನ್ನು ಮಾರಾಟಕ್ಕಿಟ್ಟವರಿಗೆ ಮುಗಿಸುವ ಅವಸರ ಎಲ್ಲಿಂದ ಬರಬೇಕು? ನೂರು ನಕ್ಷತ್ರ ವ್ಯವಸ್ಥೆ ಎಂದಿದ್ದರು. ಕಳೆದ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ನಡೆದ ಆಟದ ಸಮ್ಮೇಳನ ಸಿಟಿಜನ್‌ಕಾನ್‌ನಲ್ಲಿ 1.0ರ, ಅಂದರೆ ಪೂರ್ಣ ಆವೃತ್ತಿಯ, ನಕ್ಷೆ ತೋರಿಸಿದಾಗ ಐದು. ನನ್ನ ಮಟ್ಟಿಗೆ ಅದು ಒಳ್ಳೆಯ ಸುದ್ದಿಯೇ, ಕತ್ತರಿ ಕೊನೆಗೂ ಅವರದೇ ಕೈಗೆ ಬಂತಲ್ಲ ಎಂದು.

ನಾನು ಹತ್ತು ವರ್ಷದಿಂದ ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟ ಆಡುತ್ತಿದ್ದೇನೆ. ಐಸ್‌ಲ್ಯಾಂಡಿನವರದು, 2003ರದ್ದು. ಅಲ್ಲಿಯೂ ನಾನು ಲಾರಿಯವನೇ. ಉಯೆಡಾಮಾ ಎಂಬ ದಾರಿ ದಾಟುವಾಗ ಈಗಲೂ ಅಂಗೈ ಬೆವರುತ್ತದೆ. ಪೊಲೀಸರು ಬರುವಷ್ಟರಲ್ಲಿ ಸರಕು ಹೊಡೆಯುವುದೇ ಅಲ್ಲಿನವರ ಕಸುಬು. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಎಂಬಲ್ಲಿ ಯಾರೋ ಜಾಗದ ಬಾಕಿ ಕಟ್ಟದೆ ಹೋದದ್ದಕ್ಕೆ ಇಪ್ಪತ್ತೊಂದು ಗಂಟೆ ಯುದ್ಧ ನಡೆಯಿತು, ಏಳು ಸಾವಿರಕ್ಕೂ ಹೆಚ್ಚು ಜನ ಪಾಲ್ಗೊಂಡರು. ಸರ್ವರ್ ತಡೆದುಕೊಂಡದ್ದು ಹೇಗೆ ಗೊತ್ತೇ? ಆಟದೊಳಗಿನ ಕಾಲವನ್ನೇ ಹತ್ತನೇ ಒಂದು ಭಾಗಕ್ಕೆ ನಿಧಾನಿಸಿ. ಅಲ್ಲಿ ನಾವು ಆಜ್ಞೆ ಕೊಟ್ಟು ಕೂರುತ್ತೇವೆ, ಆದ್ದರಿಂದ ನಡೆಯುತ್ತದೆ. ಸ್ಟಾರ್ ಸಿಟಿಜನ್‌ನಲ್ಲಿ ನಿಮ್ಮ ಕೈ ಚುಕ್ಕಾಣಿಯ ಮೇಲಿರುತ್ತದೆ. ಕಾಲವನ್ನು ನಿಧಾನಿಸಿದರೆ ಹಾರಾಟವೇ ಸತ್ತಂತೆ. ಅದಕ್ಕೇ ಅವರು ಸರ್ವರ್ ಮೆಶಿಂಗ್ ಎಂಬ ಕಷ್ಟದ ದಾರಿ ಹಿಡಿದಿದ್ದು: ಒಂದೇ ಲೋಕವನ್ನು ಹಲವು ಸರ್ವರ್ ಹಂಚಿಕೊಂಡು ನಡೆಸುವುದು. ಮೊದಲು ನೂರರ ಆಸುಪಾಸು ಜನ ಇದ್ದಲ್ಲಿ 4.0ದಲ್ಲಿ ಐನೂರರಷ್ಟು. ಕೆಲಸ ದೊಡ್ಡದೇ, ಒಪ್ಪುತ್ತೇನೆ. ಆದರೆ ಈಗ ಯಾವ ಸರ್ವರಿಗೆ ಯಾವ ಜಾಗ ಎಂದು ಮೊದಲೇ ಗೆರೆ ಎಳೆದಿಟ್ಟಿದ್ದಾರೆ. ಐನೂರೂ ಜನ ಒಂದೇ ಬಂದರಿಗೆ ಬಂದರೆ ಏನು ಎಂಬುದಕ್ಕೆ ಉತ್ತರ ಇನ್ನೂ ಬರಬೇಕು.

ನಿಮ್ಮ ಕೊನೆಯ ಭಯ ಮಾತ್ರ ನಿಜವಾದದ್ದು. ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಎಂಬ ಆನ್‌ಲೈನ್ ಆಟ ನೆನಪಿದೆಯೇ? ಅದರಲ್ಲಿ ಅಂಗಡಿ ಇಟ್ಟು, ಬಟ್ಟೆ ಹೊಲಿದು, ಕುಣಿದು ಬದುಕುವವರಿದ್ದರು. 2005ರ ನವೆಂಬರಿನಲ್ಲಿ ಮೂವತ್ತಕ್ಕೂ ಹೆಚ್ಚು ಕಸುಬುಗಳನ್ನು ಒಂಬತ್ತಕ್ಕೆ ಇಳಿಸಿದರು, ಆಟ ಚುರುಕಾಗಲಿ ಎಂದು. ಕಸುಬಿನವರು ಎದ್ದು ಹೋದರು. 2011ರ ಡಿಸೆಂಬರಿನಲ್ಲಿ ಬಾಗಿಲೂ ಮುಚ್ಚಿತು. ಕಾಯಿರಿ ಎಂಬುದೇ ನನ್ನ ಸಲಹೆ.

ಧಾರವಾಡ_ಪೇಡೆ | ಧಾರವಾಡ

ಶಂಕಾಸುರ ಅವರ, ನೀವು ಹೇಳಿದ್ದು ಖರೇ ಐತಿ, ಆದ್ರ ಓದಿದ ಮ್ಯಾಲ ಜೀವಾನ ಬ್ಯಾಡ ಅನಸ್ತದ ನೋಡ್ರಿ!

ಲಾರಿಮಗ ಅಣ್ಣಾರ, ನಾನೂ ನಮ್ಮ ತಮ್ಮನೂ ಕೂಡಿ ಆಗಸ್ಟದಿಂದ ಲೋಡ್ ಹೊಡ್ಯಾಕತ್ತೀವಿ. ಅಂವ ಪುಣೆದಾಗ, ನಾ ಇಲ್ಲಿ. ಅಂವ ಡ್ರೈವರ್, ನಾ ಹಮಾಲಿ. ನನಗ ಹಾರಸೂದಕ್ಕಿಂತ ಪೆಟ್ಟಿಗಿ ಹೊಂದಸೂದ ಛಲೋ ಅನಸ್ತದ. ಮೊದಲ ಇಳಿಯೂ ಮಾಲು ಬಾಗಲಾ ಕಡೆ ಇರಬೇಕು, ಕಡೀಕ ಇಳಿಯೂದು ಒಳಗ. ಇದು ಗೊತ್ತಿಲ್ಲದ ಮೊದಲನೇ ದಿನ ಮೂರು ಕಡೆ ಇಳಸೂ ಮಾಲು ಕಲಸಿ ಇಟ್ಟಿದ್ದೆ. ತಮ್ಮ ಬೈದಿದ್ದ ಬೈದಿದ್ದು. ನಿಮ್ಮ ಅಪ್ಪಾರ್ನ ಬಾಜೂಕ ಕೂಡಿಸ್ಕೊಂಡ್ರ ಈ ತ್ರಾಸ ಇರೂದಿಲ್ಲ.

ಇನ್ನೊಂದ ಮಾತು. ಕ್ರುಸೇಡರ್ ಗ್ರಹದಾಗ ಒರಿಸನ್ ಅಂತ ಊರೈತಿ, ಮೋಡದ ಮ್ಯಾಲ ತೇಲತಿರತದ. ಒಂದಿನ ಮಾಲು ಇಳಿಸಿ ಹೊರಗ ಬಂದ್ರ ಬೆಳಗಾಗಾಕತ್ತಿತ್ತು. ಇಬ್ರೂ ಗಾಡಿ ನಿಲ್ಲಿಸಿ ಸುಮ್ನ ಕುಂತ್ವಿ. ನಾ ಇಲ್ಲಿ ಚಾ ಕುಡದೆ, ಅಂವ ಅಲ್ಲಿ ಕುಡದ. ಹತ್ತು ಮಿನಿಟ ಇಬ್ರೂ ಮಾತಾಡ್ಲಿಲ್ಲ. ಆವತ್ತಿನ ಗಳಿಕಿ ನಾಳೆ ಅಳಿಸ್ತಾರೇನೋ, ಅಳಿಸ್ಲಿ.

ತ್ರಾಸ ಏನಿದ್ರೂ ಎರಡ ತಾಸಿಂದು. ಒಂದ ಟ್ರಿಪ್ ಎರಡ ತಾಸಿನ್ಯಾಗ ಮುಗೀತದ ಅಂತ ಹೇಳಾಕ ಬರೂದಿಲ್ಲ. ಆಟದಾಗ ಹಾಸಿಗಿಯಿಂದ ಎದ್ದು, ರೈಲು ಹತ್ತಿ ಗಾಡಿ ನಿಂತಿರೂ ಹ್ಯಾಂಗರಿಗೆ ಹೋಗೂದ್ರಾಗ ಕಾಲು ತಾಸು. ನಡಕ ಕರೆಂಟ್ ಹೋತಂದ್ರ ಕಥಿ ಮುಗೀತು. ಹೋದ ವಾರ ನಮ್ಮ ಮನಿ ಯುಪಿಎಸ್ ಬ್ಯಾಟ್ರಿ ಕೈಕೊಟ್ಟು ಒಂದ ತಾಸಿನ ದುಡಿಮಿ ನೀರಾಗ ಹೋತು. ಮೊದಲ ಒಂದೇ ಠಿಕಾಣಿ ಇರೂ ಕಾಂಟ್ರಾಕ್ಟ್ ಹಿಡೀರಿ. ಮತ್ತ ರೊಕ್ಕ ಈಗ ಕೊಡಬ್ಯಾಡ್ರಿ. ವರ್ಷದಾಗ ಆಗಾಗ ಪುಕ್ಕಟ ಆಡಾಕ ಬಿಡ್ತಾರ, ಫ್ರೀ ಫ್ಲೈ ಅಂತಾರ. ಅವಾಗ ಬಂದು ನೋಡ್ರಿ, ನಿಮ್ಮ ಕಂಪ್ಯೂಟರ್ ತಡೀತದೇನು, ನಿಮ್ಮ ನೆಟ್ ತಡೀತದೇನು. ಸೇರಿದ್ರ ಕೊಡ್ರಿ.

ತಲೆಹರಟೆ | ಮ್ಯಾಂಚೆಸ್ಟರ್

ಅಕ್ಟೋಬರಿನಲ್ಲಿ ಆ ಸಿಟಿಜನ್‌ಕಾನ್ ಸಭಾಂಗಣದಲ್ಲಿ ನಾನೂ ಇದ್ದೆ. ಇದೇ ಕಂಪನಿಯ, ಒಂಟಿಯಾಗಿ ಆಡೋ ಸ್ಕ್ವಾಡ್ರನ್ 42 ಆಟ 2026ರಲ್ಲಿ ಬರುತ್ತೆ ಅಂದಾಗ ಪಕ್ಕದ ಬಿಳಿಗಡ್ಡದ ಮನುಷ್ಯ ಚಪ್ಪಾಳೆ ಹೊಡೀತಾ ಜೋರಾಗಿ ನಗ್ತಿದ್ದ. ಖುಷಿಗಾ, ಹತಾಶೆಗಾ ಗೊತ್ತಾಗ್ಲಿಲ್ಲ. ನಾನೂ ಹಾಗೇ ಹೊಡೆದೆ.

ಲಾರಿಮಗ | ಶಿವಮೊಗ್ಗ

ಎಲ್ರಿಗೂ ಥ್ಯಾಂಕ್ಸ್. ಶಂಕಾಸುರ ಸಾರ್, ಗ್ಯಾಲಕ್ಸೀಸ್ ವಿಷಯ ಓದಿ ರಾತ್ರಿ ನಿದ್ದೆ ಬರ್ಲಿಲ್ಲ. ಆದ್ರೆ ಒಂದು ಮಾತು. ಫ್ರೀಲ್ಯಾನ್ಸರನ್ನ ಕಂಪನಿ ಕೈಬಿಟ್ಟ ಮೇಲೂ ಜನ ತಮ್ಮದೇ ಸರ್ವರ್ ಇಟ್ಕೊಂಡು ಇವತ್ತಿಗೂ ನಡೆಸ್ತಿದಾರೆ, ‘ಡಿಸ್ಕವರಿ’ ಮಾಡ್ (ಅಭಿಮಾನಿಗಳೇ ಮಾಡಿದ ಬದಲಾವಣೆಯ ಆವೃತ್ತಿ) ನಾನೇ ಹಾಕಿ ನೋಡಿದೀನಿ. ಸರ್ವರ್ ಪ್ರೋಗ್ರಾಮು ಆಟದ ಜೊತೆಗೇ ನಮ್ಮ ಕೈಗೆ ಬಂದಿತ್ತು, ಅದಕ್ಕೆ ಉಳೀತು. ಹತ್ತಾರು ಸರ್ವರ್ ಹೆಣೆದ ಈ ಆಟ ನಿಂತುಹೋದ್ರೆ ಶಿವಮೊಗ್ಗದ ಯಾವ ಹುಡುಗ ಮನೇಲಿ ಇಟ್ಕೊಂಡು ನಡೆಸ್ತಾನೆ? ಈ ಭಯ ನಿಮ್ಮ ಪಟ್ಟಿಗೆ ಸೇರಿಸ್ಕೊಳ್ಳಿ.

ತೀರ್ಮಾನ: ಫ್ರೀ ಫ್ಲೈ ತನಕ ಕಾಯ್ತೀನಿ. ನಾಲ್ಕು ಸಾವಿರ ಒಂದು ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದೀನಿ. ಪೇಡೆ ಅಕ್ಕ ಬರೆದಿದ್ದನ್ನ ಅಪ್ಪಂಗೆ ಓದಿ ಹೇಳ್ದೆ. ಮೊದಲು ಇಳಿಯೋ ಮಾಲು ಬಾಗಿಲ ಹತ್ರ ಅನ್ನೋದು ಕೇಳಿ, ‘ಆ ಹುಡುಗಿಗೆ ಕೆಲಸ ಗೊತ್ತಿದೆ’ ಅಂದ್ರು. ಆಮೇಲೆ, ಮೂರು ಕಡೆ ಇಳಿಸೋ ಮಾಲಿಗೆ ಮೂರು ಬಣ್ಣದ ಸುಣ್ಣ ಬಳೀಬಹುದಾ ಕೇಳು ಅಂದ್ರು. ಆಗುತ್ತಾ ಅಕ್ಕ? ಆ ಟ್ರ್ಯಾಕ್ಟರ್ ಬೀಮ್ ಎಲ್ಲಿ ಸಿಗುತ್ತೆ ಅಂತಲೂ ಹೇಳಿ.

ಧಾರವಾಡ_ಪೇಡೆ | ಧಾರವಾಡ

ಸುಣ್ಣ ಬಳ್ಯಾಕ ಬರೂದಿಲ್ರಿ, ನಾ ನೋಟ್‌ಬುಕ್ಕಿನ್ಯಾಗ ಬರ್ಕೋತೀನಿ. ಬೀಮ್ ಬೇಕಂದ್ರ ಆಟದಾಗ ಲೋರ್‌ವಿಲ್ ಅಂತ ಊರಾಗ ಟ್ಯಾಮನಿ ಅಂಡ್ ಸನ್ಸ್ ಅಂತ ಅಂಗಡಿ ಐತಿ, ಅಲ್ಲಿ ಮಲ್ಟಿ-ಟೂಲ್ ತಗೋರಿ. ಅದರ ಮೂತಿ ಬ್ಯಾರೆ ಕೊಳ್ಳಬೇಕು, ಮರೀಬ್ಯಾಡ್ರಿ.