ಹಾವೇರಿಯಲ್ಲಿ ಪುಸ್ತಕದಂಗಡಿ, ಜೊತೆಗೆ ನಾಲ್ಕು ಮಂದಿ ಕೂಡುವ ಜಾಗ: ಬಲ್ಲವರು ಬಿಡಿಸಿ ಹೇಳಿ

ಪ್ರಶ್ನೆ (ಹಾವೇರಿ)
ಊರಲ್ಲಿ ಪಠ್ಯಪುಸ್ತಕ, ಗೈಡು ಸಿಗುತ್ತವೆ. ಕಥೆ, ಕವನ, ವಿಮರ್ಶೆ, ಮಕ್ಕಳ ಪುಸ್ತಕ ಅಂದರೆ ಧಾರವಾಡದ ಬಸ್ಸೇ ಗತಿ. 12×20 ಅಡಿಯ ಮಳಿಗೆ ನೋಡಿದ್ದೇನೆ. ಬಾಡಿಗೆ 9,000, ಡಿಪಾಜಿಟ್ 90,000. ಕೈಯಲ್ಲಿ 6 ಲಕ್ಷ ಇದೆ. ಬರೀ ಮಾರಾಟ ಆಗಬಾರದು. ಸಂಜೆ ಮಂದಿ ಬಂದು ಕೂಡಬೇಕು, ತಿಂಗಳಿಗೊಮ್ಮೆ ಲೇಖಕರು ಬರಬೇಕು, ಮಕ್ಕಳು ಬರಬೇಕು. ಮಾಲು ಎಷ್ಟು ತರಲಿ, ಕಪಾಟು ಹೇಗಿರಬೇಕು, ಲೆಕ್ಕ ಕೂಡುತ್ತದೆಯೇ?

ಉತ್ತರ (ಧಾರವಾಡ, ಪುಸ್ತಕ ಮಾರಾಟ)
ಮೊದಲು ಬಾಡಿಗೆ ಹುಟ್ಟುವ ಲೆಕ್ಕ ಹಾಕಿ, ಲೇಖಕರು ಆಮೇಲೆ. ಬಾಡಿಗೆ 9,000, ಕರೆಂಟು-ಇಂಟರ್‌ನೆಟ್ 2,000, ಅರ್ಧ ದಿನಕ್ಕೆ ಒಬ್ಬ ಸಹಾಯಕ 9,000. ತಿಂಗಳಿಗೆ 20,000. ನಿಮ್ಮ ಪಗಾರ ಇದರಲ್ಲಿ ಸೇರಿಲ್ಲ.

ಕನ್ನಡ ಪ್ರಕಾಶಕರು ಅಂಗಡಿಗೆ ಕೊಡುವ ಕಮಿಷನ್ ಸಾಮಾನ್ಯವಾಗಿ ಶೇ 25ರಿಂದ 40. ಸರಾಸರಿ 30 ಹಿಡಿಯಿರಿ. ಸಾಗಣೆಗೆ 3 ಹೋದರೆ ಕೈಗೆ 27. ಇಪ್ಪತ್ತು ಸಾವಿರ ಹುಟ್ಟಬೇಕಾದರೆ ಮುಖಬೆಲೆಯಲ್ಲಿ 74,000 ರೂಪಾಯಿಯ ಪುಸ್ತಕ ಹೋಗಬೇಕು. ಒಂದಕ್ಕೆ 200 ಅಂದರೂ 370 ಪುಸ್ತಕ, 26 ದಿನಕ್ಕೆ ಹಂಚಿದರೆ ದಿನಕ್ಕೆ 14. ಇನ್ನು ಬಂದವರಿಗೆಲ್ಲ ‘ಶೇ 10 ರಿಯಾಯಿತಿ’ ಎಂದು ಬೋರ್ಡು ತೂಗಿಹಾಕಿದಿರಿ ಅನ್ನಿ. 27 ಇದ್ದದ್ದು 17 ಆಯಿತು. ಅದೇ ಬಾಡಿಗೆಗೆ ದಿನಕ್ಕೆ 22–23 ಪುಸ್ತಕ ಮಾರಬೇಕು. ಕೇಳಲಿಕ್ಕೆ ಹತ್ತು, ಆದರೆ ನಿಮ್ಮ ಗಳಿಕೆಯಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಅದು ತಿಂದಿರುತ್ತದೆ. ಆನ್‌ಲೈನ್ ಬೆಲೆಯ ಜೊತೆ ಜಿದ್ದಿಗೆ ಬಿದ್ದ ಸಣ್ಣ ಅಂಗಡಿ ಸೋಲುವುದು ಇಲ್ಲಿಯೇ.

ರಿಯಾಯಿತಿ ಕೊಡುವುದಾದರೆ ಖಾಯಂ ಓದುಗರಿಗೆ ಕೊಡಿ: 1,000 ಮುಂಗಡ ಇಟ್ಟವರಿಗೆ ವರ್ಷದೊಳಗೆ 1,100ರ ಪುಸ್ತಕ. ಚಂದಾದಾರರ ಬಲದ ಮೇಲೆ ಪುಸ್ತಕದ ಕೆಲಸ ನಡೆಸುವುದು ನಮ್ಮ ಭಾಗಕ್ಕೆ ಹೊಸದಲ್ಲ, 1933ರಲ್ಲಿ ಶುರುವಾದ ಧಾರವಾಡದ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆ ಕಣ್ಣೆದುರಿಗೇ ಇದೆ. ನೂರು ಮಂದಿ ಸಿಕ್ಕರೆ ಬಡ್ಡಿಯಿಲ್ಲದ ಒಂದು ಲಕ್ಷ. ಆದರೆ ಅದು ಸಾಲ ಅನ್ನುವುದು ಮರೆಯಬೇಡಿ. ಆ ರೊಕ್ಕದಿಂದ ಬಾಡಿಗೆ ಕಟ್ಟಿದಿರೋ, ಓದುಗ ಪುಸ್ತಕ ಕೇಳಿದ ದಿನ ತರಿಸಲು ದುಡ್ಡಿರುವುದಿಲ್ಲ. ಬೇರೆ ಖಾತೆಯಲ್ಲಿಡಿ.

ಆರು ಲಕ್ಷವನ್ನು ಹೀಗೆ ಮುರಿಯಿರಿ: ಡಿಪಾಜಿಟ್ 90,000, ಕಪಾಟು-ಕುರ್ಚಿ-ಲೈಟು 1,20,000, ಮೊದಲ ಮಾಲು 2,00,000, ಕಂಪ್ಯೂಟರು-ಪ್ರಿಂಟರು 40,000. ಉಳಿದ 1,50,000 ಮುಟ್ಟಬೇಡಿ. ಮೊದಲ ಏಳೆಂಟು ತಿಂಗಳು ಮಾರಾಟ ಕೈಕೊಟ್ಟರೆ ಅಂಗಡಿ ತೆರೆದಿರುವುದು ಅದರಿಂದಲೇ.

ಉತ್ತರ (ಗದಗ, ಪುಸ್ತಕ ವಿತರಣೆ)
ಮ್ಯಾಲಿನವರ ಲೆಕ್ಕ ಖರೇ ಐತ್ರಿ. ಮಾಲಿನ ಮಾತು ನಾ ಹೇಳ್ತೇನಿ. ಎರಡು ಲಕ್ಷಕ್ಕ 30 ಟಕ್ಕೆ (ಶೇಕಡಾ) ಕಮಿಷನ್‌ನಾಗ ಸುಮಾರು 1,400 ಪ್ರತಿ ಬರ್ತಾವು. ಹೊಸಬರು ಏನ್ ಮಾಡ್ತಾರ, 140 ಹೆಸರು ಆರಿಸಿ ತಲಾ ಹತ್ತು ಪ್ರತಿ ತರ್ತಾರ. ಒಂದೆರಡು ಟಕ್ಕೆ ಹೆಚ್ಚು ಸಿಗತೈತಿ, ಆದ್ರ ಎರಡನೇ ಸಲ ಬಂದ ಗಿರಾಕಿಗೆ ಹೊಸದೇನೂ ಕಾಣೂದಿಲ್ಲ. 700 ಹೆಸರು, ತಲಾ ಎರಡು ಪ್ರತಿ ತರ್ರಿ. ಒಂದು ಹೋದ ದಿನಾನ ಆರ್ಡರ್ ಪಟ್ಟಿಗೆ ಬರೀರಿ.

ಪ್ರತಿ ಪ್ರಕಾಶಕರ ಕಡೆ ಮೂರು ಮಾತು ಬರವಣಿಗಿಯೊಳಗ ತೊಗೊಳ್ರಿ: ಮಾರದ ಪುಸ್ತಕದ ವಾಪಸಿ ಎಷ್ಟು ದಿನದಾಗ, ವಾಪಸಿ ಸಾಗಣಿ ಖರ್ಚು ಯಾರದು, ರೊಕ್ಕ ಯಾವಾಗ. ‘ವಾಪಸಿ ಇಲ್ಲ’ ಅಂದವರಿಗೆ ಹೆಚ್ಚು ಕಮಿಷನ್ ಕೇಳ್ರಿ, ಕಡಿಮಿ ಪ್ರತಿ ತರ್ರಿ. ವಾಪಸಿ ಇದ್ದ ಮಾಲು ಚಲನ್ (ಮಾಲಿನ ಜೋಡಿ ಬರೂ ಪಟ್ಟಿ) ಮ್ಯಾಲ ಬರತೈತಿ, ಕೊಂಡ ಮಾಲು ಬಿಲ್ ಮ್ಯಾಲ. ಎರಡೂ ಒಂದ ಫೈಲಿಗೆ ಹಾಕಿದ್ರ ಮಾರ್ಚದಾಗ ಯಾವ ಪುಸ್ತಕ ಯಾರದು ಅಂತ ತಿಳಿಯೂದಿಲ್ಲ.

ಪಾರ್ಸಲ್ ಬಂದ ದಿನಾನ ಬಿಚ್ಚಿ, ಚಲನ್ ಹಿಡಿದು ಎಣಿಸ್ರಿ. ಮೂಲಿ ಮಡಚಿದ್ದು, ಫಾರಂ (ಒಟ್ಟಿಗೆ ಮಡಚಿದ ಪುಟಗಳ ಕಟ್ಟು) ಬಿಟ್ಟು ಬೈಂಡ್ ಆಗಿದ್ದು, ನೀರು ತಾಗಿದ್ದು ಇದ್ರ ಫೋಟೊ ತೆಗೆದು ಅವತ್ತ ಕಳಸ್ರಿ. ವಾರ ಬಿಟ್ಟು ಹೇಳಿದ್ರ ಯಾರೂ ಕೇಳೂದಿಲ್ಲ. ಪುಸ್ತಕದ ಮ್ಯಾಲ ಬೆಲೆಯ ಸ್ಟಿಕರ್ ಮಾತ್ರ ಹಚ್ಚಬ್ಯಾಡ್ರಿ. ಕಿತ್ತರ ಮುಖಪುಟದ ಲ್ಯಾಮಿನೇಶನ್ ಕೂಡೇ ಬರತೈತಿ, ಆ ಪ್ರತಿ ವಾಪಸಿ ಆಗೂದಿಲ್ಲ. ನಿಮ್ಮ ಗುರುತು ಕೊನೆ ಪುಟದ ಒಳಗ, ಪೆನ್ಸಿಲ್‌ನಾಗ.

ಸಣ್ಣ ಪ್ರಕಾಶಕರ ಪುಸ್ತಕಕ್ಕ ಬಾರ್‌ಕೋಡ್ ಇರೂದ ಕಡಿಮಿ, ಅದಕ್ಕ ಸ್ಕ್ಯಾನರ್ ನಂಬಿ ಕೂಡಬ್ಯಾಡ್ರಿ. ಹಳೇ ಚೀಟಿ ಪದ್ಧತಿ ಇನ್ನೂ ನಡೀತೈತಿ: ಎರಡು ಬೆರಳು ಅಗಲದ ಗಟ್ಟಿ ಕಾಗದದ ಚೀಟಿ, ಅದರ ಮ್ಯಾಲ ಪ್ರಕಾಶಕರ ಮೂರಕ್ಷರ, ಪುಸ್ತಕದ ಹೆಸರು, ಬೆಲಿ, ಬಂದ ತಿಂಗಳು. ಚೀಟಿಯ ತಲಿ ಪುಸ್ತಕದಿಂದ ಅರ್ಧ ಇಂಚು ಹೊರಗ ಇಣುಕಲಿ. ಮಾರಿದಾಗ ಚೀಟಿ ಎಳೆದು ಗಲ್ಲಾಪೆಟ್ಟಿಗಿಯೊಳಗ ಹಾಕ್ರಿ. ರಾತ್ರಿ ಪ್ರಕಾಶಕರ ಪ್ರಕಾರ ಜೋಡಿಸಿದ್ರ ಅವತ್ತಿನ ಮಾರಾಟ, ನಾಳಿನ ಆರ್ಡರ್ ಎರಡೂ ಕೈಯಾಗ. ಚೀಟಿಯ ತಲಿಗೆ ಮೂರು ತಿಂಗಳಿಗೊಂದು ಬಣ್ಣ ಹಚ್ಚಿದ್ರಂತೂ, ವಾಪಸಿ ಅವಧಿ ಮುಗಿಯಾಕ ಬಂದ ಪುಸ್ತಕ ಕಪಾಟಿನಾಗ ದೂರದಿಂದನ ಕಾಣ್ತಾವು.

ಉತ್ತರ (ಹುಬ್ಬಳ್ಳಿ, ಅಂಗಡಿ ಫರ್ನಿಚರ್ ಕೆಲಸ)
200 ಪುಟದ ಡೆಮಿ (ಸಾಮಾನ್ಯ ಕಾದಂಬರಿಯ ಅಳತೆಯ) ಪುಸ್ತಕ ಸುಮಾರು 230 ಗ್ರಾಂ, ದಪ್ಪ 11 ಮಿ.ಮೀ. ಮೂರು ಅಡಿಯ ಹಲಗೆಗೆ 80 ಪುಸ್ತಕ, 18 ಕಿಲೊ. 18 ಎಂಎಂ ಪ್ಲೈವುಡ್ ಇದನ್ನು ತಡೆಯುತ್ತದೆ. ಪಾರ್ಟಿಕಲ್ ಬೋರ್ಡ್ ಒಂದು ಮಳೆಗಾಲ ಕಳೆಯುವುದರೊಳಗೆ ನಡುವೆ ಜೋತುಬೀಳುತ್ತದೆ. ನಾಲ್ಕಡಿ ಹಲಗೆ ಹಾಕಿದರೆ ಒಂದು ಆಧಾರಪಟ್ಟಿ ಉಳಿಯುತ್ತದೆ ಎಂದು ಬಡಗಿ ಹೇಳಬಹುದು, ಒಪ್ಪಬೇಡಿ. ಆಳ 10 ಇಂಚು ಸಾಕು. 14 ಮಾಡಿಸಿದರೆ ಮುಂದೊಂದು ಸಾಲು ಹಿಂದೊಂದು ಸಾಲು ಆಗಿ, ಹಿಂದಿನದು ಸತ್ತ ಮಾಲು. ಹಲಗೆ-ಹಲಗೆ ನಡುವೆ 10–11 ಇಂಚು.

ಆರು ಹಲಗೆಯ ಮೂರು ಕಪಾಟಿಗೆ ನಿಮ್ಮ 1,400 ಪುಸ್ತಕ ಬೆನ್ನು ತೋರಿಸಿ ನಿಲ್ಲುತ್ತವೆ. ಆದರೂ ಐದು ಮಾಡಿಸಿ. ಮುಖಪುಟ ತೋರಿಸಿ ಇಟ್ಟರೆ ಮೂರಡಿ ಹಲಗೆಗೆ ಆರೇ ಪುಸ್ತಕ, ಮಾರಾಟ ಆಗುವುದು ಹಾಗೆ ಇಟ್ಟವೇ. ಎದೆ ಮಟ್ಟದ ಒಂದು ಸಾಲು ಇದಕ್ಕೇ ಬಿಡಿ. ಮಕ್ಕಳ ಪುಸ್ತಕ ನೆಲದಿಂದ ಮೂರಡಿಯೊಳಗೆ, ಅವೂ ಮುಖ ತೋರಿಸಿಯೇ.

ಎರೆಭೂಮಿಯ ಮೇಲಿನ ಹಳೆ ಕಟ್ಟಡವಾದರೆ ಗೋಡೆ ಬುಡದಲ್ಲಿ ತೇವ ಏರುತ್ತದೆ. ಕಪಾಟು ಗೋಡೆಯಿಂದ ಎರಡು ಇಂಚು ದೂರ, ನೆಲದಿಂದ ನಾಲ್ಕು ಇಂಚು ಮೇಲೆ. ಕಪಾಟು ಕೂರಿಸುವ ಮೊದಲೇ ಗೆದ್ದಲಿನ ಔಷಧ ಹೊಡೆಸಿ. ಆಮೇಲೆ ಹೊಡೆಸುವುದೆಂದರೆ ಎಲ್ಲ ಪುಸ್ತಕ ಇಳಿಸಬೇಕು. ಬೇವಿನ ಎಲೆ ಇಡುವವರಿದ್ದಾರೆ. ಇಡಲಿ ಬಿಡಿ, ಆದರೆ ಅದನ್ನೇ ನೆಚ್ಚಿಕೊಳ್ಳಬಾರದು.

ಕೂಡುವ ಜಾಗದ ಗುಟ್ಟು ನಡುವಿನ ಮೇಜಿನಲ್ಲಿದೆ. 5×2½ ಅಡಿ ಮೇಜಿಗೆ ಲಾಕ್ ಇರುವ ಮೂರಿಂಚಿನ ಗಾಲಿ ಹಾಕಿಸಿ. ಇಬ್ಬರು ತಳ್ಳಿದರೆ ಗೋಡೆಗೆ ಹೋಗುತ್ತದೆ, ನಡುವೆ 12×10 ಅಡಿ ಖಾಲಿ, 20 ಮಡಚುವ ಕುರ್ಚಿ ಹಿಡಿಯುತ್ತವೆ. ಗಾಲಿ ಇಲ್ಲದ ಮೇಜಾದರೆ ಪ್ರತಿ ಸಲ ಪುಸ್ತಕ ಇಳಿಸಿ ಏರಿಸಬೇಕು. ಮೂರನೇ ತಿಂಗಳಿಗೆ ಕಾರ್ಯಕ್ರಮವೇ ನಿಂತುಹೋಗುತ್ತದೆ.

ಉತ್ತರ (ರಾಣೆಬೆನ್ನೂರು)
ಸ್ಪರ್ಧಾ ಪರೀಕ್ಷೆಯ ಪುಸ್ತಕ ಇಡದೆ ಬಾಡಿಗೆ ಹುಟ್ಟೂದಿಲ್ಲ, ಯಾರೂ ಹೇಳಲಿಲ್ಲವಲ್ಲ ಅಂತ ಬರೀತೀನಿ. ಪಿಡಿಒ, ಪೊಲೀಸ್, ಶಿಕ್ಷಕರ ನೇಮಕಾತಿಗೆ ಓದೋ ಹುಡುಗರು ದಿನಾ ಬರ್ತಾರೆ. ಆದರೆ ಪ್ರಚಲಿತ ವಿದ್ಯಮಾನದ ಪುಸ್ತಕ ಹಾಲಿದ್ದಂಗೆ, ಹೊಸ ಆವೃತ್ತಿ ಬಂದ ದಿನ ಹಳೇದು ರದ್ದಿ. ಐದೈದೇ ತರಿಸಿ. ಧಾರವಾಡದ ಸಪ್ತಾಪುರದ ಕೋಚಿಂಗ್ ಓಣಿಯಲ್ಲಿ ಏನು ಓದ್ತಿದ್ದಾರೆ ಅಂತ ತಿಂಗಳಿಗೊಮ್ಮೆ ವಿಚಾರಿಸಿದರೆ ಏನು ತರಬೇಕು ಅಂತ ಗೊತ್ತಾಗುತ್ತೆ. ಅರ್ಧ ಬೆಲೆಗೆ ‘ಅದೇ ಪುಸ್ತಕ’ ಕೊಡ್ತೀವಿ ಅನ್ನೋರು ಬರ್ತಾರೆ: ತೆಳು ಕಾಗದ, ಮಸುಕು ಚಿತ್ರ, ಓರೆ ಕತ್ತರಿಸಿದ ಅಂಚು. ಕಳ್ಳ ಮುದ್ರಣ ಮಾರಿದರೆ ಕಾಪಿರೈಟ್ ಕಾಯ್ದೆಯ 63ನೇ ಕಲಂನಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷ ದಂಡ.

ಉತ್ತರ (ಧಾರವಾಡ, ಸಾಹಿತ್ಯ ಕಾರ್ಯಕ್ರಮಗಳ ಸಂಘಟನೆ)
ದಿನ, ವೇಳೆ ಬದಲಾಗಬಾರದು. ಎರಡನೇ ಶನಿವಾರ ಸಂಜೆ 5.30 ಅಂದರೆ ವರ್ಷಪೂರ್ತಿ ಅದೇ. ಮಂದಿ ಬರುವುದು ಲೇಖಕರ ಹೆಸರು ನೋಡಿ ಅಂತ ನಾವು ತಿಳಿದಿರುತ್ತೇವೆ. ನಿಜವಾಗಿ ಬರುವುದು ‘ಇವತ್ತು ಅಲ್ಲಿ ಇರತದ’ ಎಂಬ ರೂಢಿಯಿಂದ. 6.45ಕ್ಕೆ ಮುಗಿಸಿ. ಹಳ್ಳಿಗೆ ಹೋಗುವವರಿಗೆ ಬಸ್ಸಿದೆ, ಮನೆಗೆ ಹೋಗಿ ರೊಟ್ಟಿ ಮಾಡುವವರೂ ಬಂದಿರುತ್ತಾರೆ.

ವೇದಿಕೆ, ಬ್ಯಾನರ್, ಶಾಲು, ಹಾರ ಏನೂ ಬೇಡ. ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಪರಿಚಯ, ಅಧ್ಯಕ್ಷರ ನುಡಿ, ವಂದನಾರ್ಪಣೆ ಇಷ್ಟು ಕೂಡಿದರೆ ನಲವತ್ತು ನಿಮಿಷ ಹೋಯಿತು, ಲೇಖಕರಿಗೆ ಹದಿನೈದು ಉಳಿಯಿತು. ಒಬ್ಬರು ಕೇಳುವವರು, ಒಬ್ಬರು ಹೇಳುವವರು: ಹತ್ತು ನಿಮಿಷ ಓದು, ಅರ್ಧ ತಾಸು ಮಾತು, ಉಳಿದದ್ದು ಸಭೆಯ ಪ್ರಶ್ನೆ. ಈ ಅಳತೆಯ ಕೋಣೆಗೆ ಮೈಕು ಬೇಕಿಲ್ಲ, ಫ್ಯಾನು ನಿಧಾನ ಮಾಡಿದರೆ ಸಾಕು. ಊರಿನ ಹಿರಿಯರೊಬ್ಬರು ‘ಎರಡು ಮಾತು’ ಎಂದು ಎದ್ದೇ ಏಳುತ್ತಾರೆ. ಪ್ರಶ್ನೆಯ ಸರದಿ ಶುರುವಾಗುವಾಗ ಮೊದಲ ಅವಕಾಶ ಅವರಿಗೇ ಕೊಟ್ಟುಬಿಡಿ, ಕೊನೆಗಿಟ್ಟರೆ ನಿಲ್ಲಿಸಲಾಗದು.

ಆ ಲೇಖಕರ ಪುಸ್ತಕ 20 ಪ್ರತಿ ವಾಪಸಿ ಕರಾರಿನ ಮೇಲೆ ವಾರ ಮುಂಚೆ ತರಿಸಿ. ಅವರೇ ಚೀಲದಲ್ಲಿ ತರುತ್ತಾರೆ ಎಂದು ಬಿಟ್ಟರೆ ಮಾರಾಟ ನಿಮ್ಮ ಅಂಗಡಿಯಲ್ಲಿ, ದುಡ್ಡು ಅವರ ಜೇಬಿನಲ್ಲಿ. ಮೊದಲೇ ಮಾತಾಡಿಕೊಳ್ಳಿ. ಪ್ರಯಾಣದ ಖರ್ಚು ಮಾತ್ರ ತಪ್ಪದೆ ಕೊಡಿ.

ಚಹಾ ಒಳಗೆ ಕಾಸಬೇಡಿ, ಪಕ್ಕದ ಚಹಾದಂಗಡಿಗೆ ಹೇಳಿ. ಮುಗಿದ ಮೇಲೆ, ಬಾಗಿಲ ಹೊರಗೆ. ಗಿರಮಿಟ್ಟು-ಮಿರ್ಚಿ ತಂದು ಅಂಗಡಿಯೊಳಗೆ ಹಂಚಿದರೆ ಏನಾಗುತ್ತದೆ ನೋಡಿ: ಮಾತಾಡುತ್ತಲೇ ಒಬ್ಬರು ಪುಸ್ತಕ ತೆಗೆಯುತ್ತಾರೆ, ಹೆಬ್ಬೆರಳಿನ ಎಣ್ಣೆ ಮುಖಪುಟ ದಾಟಿ ಮೂರು ಹಾಳೆಗೆ ಇಳಿಯುತ್ತದೆ, ಅರಿಸಿನದ ಹಳದಿ ಏನು ಮಾಡಿದರೂ ಹೋಗುವುದಿಲ್ಲ.

ಮಕ್ಕಳಿಗೆ ರವಿವಾರ ಬೆಳಿಗ್ಗೆ 10ರಿಂದ 11.30, ಜಮಖಾನೆ ಹಾಸಿ, ಗಟ್ಟಿಯಾಗಿ ಓದುವುದು. ಅವರ ಕೈಗೆ ಕೊಡಲು ಬೇರೆಯೇ ಮೂವತ್ತು ಪುಸ್ತಕ ಇರಲಿ.

ಮರುಪ್ರಶ್ನೆ (ಹಾವೇರಿ)
ಎಲ್ಲರಿಗೂ ಶರಣು. ಕಾಗದಪತ್ರ ಏನೇನು ಬೇಕು? ಊರಿನ ಲೇಖಕರು ಈಗಲೇ ‘ನಮ್ಮದೊಂದು 50 ಪ್ರತಿ ಇಡ್ರಿ’ ಎನ್ನುತ್ತಿದ್ದಾರೆ. ಓದಿ ಮರಳಿಸುವ ವ್ಯವಸ್ಥೆಯನ್ನೂ ಇಡಬಹುದೇ?

ಉತ್ತರ (ಹುಬ್ಬಳ್ಳಿ, ತೆರಿಗೆ ಸಲಹೆ)
ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಬರೀ ಪುಸ್ತಕ ಮಾರಿದರೆ ನೋಂದಣಿಯೂ ಬೇಕಿಲ್ಲ. ನೋಟ್‌ಬುಕ್, ಪೆನ್ಸಿಲ್‌ಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೂನ್ಯ. ಪೆನ್ನು, ಬ್ಯಾಗುಗಳಿಗೆ ಇದೆ. ಅವನ್ನು ಇಟ್ಟರೆ, ನೋಂದಣಿ ಕಡ್ಡಾಯವಾಗುವ ವರ್ಷಕ್ಕೆ 40 ಲಕ್ಷದ ಮಿತಿಗೆ ಪುಸ್ತಕದ ವಹಿವಾಟೂ ಸೇರುತ್ತದೆ. ಸದಸ್ಯತ್ವ ಶುಲ್ಕ, ಜಾಗದ ಬಾಡಿಗೆ ತೆಗೆದುಕೊಂಡರೆ ಅದು ಸೇವೆ, ಆಗ ಮಿತಿ 20 ಲಕ್ಷ. ನಗರಸಭೆಯ ವ್ಯಾಪಾರ ಪರವಾನಗಿ ಬೇಕು. ಅಂಗಡಿ ತೆರೆದ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ಅಂಗಡಿ ಕಾಯ್ದೆಯ ನೋಂದಣಿ. ನಾಮಫಲಕದಲ್ಲಿ ಶೇ 60 ಕನ್ನಡ ಕಡ್ಡಾಯ, ನಿಮಗೆ ಅದು ತೊಂದರೆಯಾಗಲಾರದು. ಶಾಲೆ-ಕಾಲೇಜಿಗೆ ಮಾರುವಾಗ ಕೊಟೇಶನ್, ಪ್ಯಾನ್, ರದ್ದುಮಾಡಿದ ಚೆಕ್ ಕೇಳುತ್ತಾರೆ, ಹಣ ತಡವಾಗಿ ಬರುತ್ತದೆ. ಒಂದು ಸಂಸ್ಥೆಯ ಉದ್ರಿ ನಿಮ್ಮ ಒಂದು ತಿಂಗಳ ಮಾರಾಟ ಮೀರದಂತೆ ನೋಡಿಕೊಳ್ಳಿ.

ಉತ್ತರ (ಗದಗ, ಪುಸ್ತಕ ವಿತರಣೆ)
ಊರಿನ ಲೇಖಕರಿಗೆ ಇಲ್ಲ ಅನಬ್ಯಾಡ್ರಿ, ಆದ್ರ ಐದ ಪ್ರತಿ, ಮೂರು ತಿಂಗಳು, 35 ಟಕ್ಕೆ ಕಮಿಷನ್, ಎರಡು ಸಹಿಯ ಚೀಟಿ. ಐದೂ ಹೋದ್ರ ಮತ್ತ ಐದು. ಐವತ್ತು ಇಟ್ಟುಕೊಂಡ್ರ ಹತ್ತು ಲೇಖಕರಿಗೆ ಒಂದು ಕಪಾಟು ತುಂಬಿತು, ವಾಪಸ್ ತೊಗೊಂಡು ಹೋಗ್ರಿ ಅನ್ನಾಕ ಬಾಯಿ ಬರೂದಿಲ್ಲ. ರೊಕ್ಕ ಮಾತ್ರ ಅವರು ಕೇಳೂಕಿಂತ ಮೊದಲ ಕೊಡ್ರಿ. ನಿಮ್ಮ ಹಾವೇರಿ ಸೀಮಿಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದವರು. ಬರೆದವರು ತಾವ ಮಾರೂದು ಎಷ್ಟು ಕಷ್ಟ ಅನ್ನೂದು ಅವರಿಂದನ ತಿಳೀತೈತಿ.

ಓದಾಕ ಕೊಡೂ ಪುಸ್ತಕ ಬೇರೆ ಇರ್ಲಿ, ಮಾರೂ ಮಾಲು ಬೇರೆ ಇರ್ಲಿ. ಒಮ್ಮಿ ಮನಿಗೆ ಹೋಗಿ ಬಂದ ಪ್ರತಿ ಪ್ರಕಾಶಕರು ವಾಪಸ್ ತೊಗೊಳ್ಳೂದಿಲ್ಲ. ಹಳೇ ಪುಸ್ತಕ 300 ಕೂಡಿಸಿ, ಶಿಕ್ಕಾ ಹೊಡೆದು, 500 ಡಿಪಾಜಿಟ್ ಮ್ಯಾಲ ಒಂದ ಪುಸ್ತಕ ಕೊಡ್ರಿ.

ಕಪಾಟಿನಾಗ ಲೇಖಕರ ಹೆಸರು ಜೋಡಿಸುವಾಗ ಇನಿಷಿಯಲ್ ಬಿಟ್ಟು ಕೊನೇ ಪದದ ಅಕಾರಾದಿ ಹಿಡೀರಿ. ಆದ್ರ ನಮ್ಮ ಕಡೆ ಪಾಟೀಲ, ಕುಲಕರ್ಣಿ, ಹಿರೇಮಠ ಎಷ್ಟು ಮಂದಿ ಅದಾರ ಅಂದ್ರ ಅಲ್ಲಿ ಮಾತ್ರ ಇನಿಷಿಯಲ್ ನೋಡದ ಗತಿ ಇಲ್ಲ.

ಉತ್ತರ (ಧಾರವಾಡ, ಪುಸ್ತಕ ಮಾರಾಟ)
ಸುತ್ತಲ ಹಳ್ಳಿಗಳಿಗೆ ಅಂಚೆಯಲ್ಲಿ ಕಳಿಸುವುದಾದರೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಇದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೊಗೆ 100, ಮೇಲೆ ತೆರಿಗೆ. ಪತ್ರಿಕೆ, ನಿಯತಕಾಲಿಕಕ್ಕೆ ನಡೆಯುವುದಿಲ್ಲ, ಜಾಹೀರಾತು ತುರುಕುವಂತಿಲ್ಲ, ಮುದ್ರಕ ಅಥವಾ ಪ್ರಕಾಶಕರ ಹೆಸರು ಪುಸ್ತಕದ ಮೇಲಿರಬೇಕು. 230 ಗ್ರಾಂ ಪುಸ್ತಕಕ್ಕೆ ಪ್ಯಾಕಿಂಗ್ 70 ಗ್ರಾಂ ದಾಟಿದರೆ ದರ ಮುಂದಿನ ಹಂತಕ್ಕೆ ಹೋಗುತ್ತದೆ. ಮೊದಲು ತೆಳು ಪ್ಲಾಸ್ಟಿಕ್, ಮೇಲೆ ಖಾಕಿ ಕಾಗದ, ನಾಲ್ಕು ಮೂಲೆಗೆ ರಟ್ಟಿನ ತುಂಡು. ಅಂಚೆ ಕಚೇರಿಗೆ ಒಯ್ಯುವ ಮೊದಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ.