ಪಾರ್ಶ್ವವಾಯುವಿನ ನಂತರದ ಮರೆವು, ಗೊಂದಲ: ನೀವು ಹೇಗೆ ನಿಭಾಯಿಸಿದಿರಿ?

ಕೇಳಿದವರು: ಗೃಹಿಣಿ, ಕುವೆಂಪುನಗರ, ಮೈಸೂರು

ನಮ್ಮ ಯಜಮಾನರಿಗೆ 63 ವರ್ಷ. ಯುಗಾದಿಯ ಹೊತ್ತಿಗೆ ಪಾರ್ಶ್ವವಾಯು ಆಯಿತು. ಈಗ ನಡಿಗೆ ಬಹುಮಟ್ಟಿಗೆ ಸುಧಾರಿಸಿದೆ. ಆದರೆ ಕೇಳಿದ್ದನ್ನೇ ಕೇಳುತ್ತಾರೆ, ಮಾತ್ರೆ ನುಂಗಿದ್ದು ನೆನಪಿರುವುದಿಲ್ಲ, ಸಂಜೆಯಾದರೆ "ಇದು ನಮ್ಮ ಮನೆಯಲ್ಲ, ನಂಜನಗೂಡಿಗೆ ಹೋಗೋಣ ನಡಿ" ಎಂದು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಮಗ ಬೆಂಗಳೂರಿಗೇ ಬಂದುಬಿಡಿ ಎನ್ನುತ್ತಿದ್ದಾನೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ನಿವೃತ್ತ ಶಿಕ್ಷಕ, ಮಂಡ್ಯ

ಅಮ್ಮಾ, ಎಲ್ಲವನ್ನೂ ಮರೆವೆಂದು ತಿಳಿಯುವ ಮೊದಲು ಪರೀಕ್ಷೆ ಮಾಡಿಸಿ. ನನ್ನ ಹೆಂಡತಿಗೆ ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿತ್ತು. ಲೋಟ ಬೇಕಾದಾಗ ಬೀಗದ ಕೈ ಎನ್ನುತ್ತಿದ್ದಳು, ಮಕ್ಕಳ ಹೆಸರುಗಳನ್ನು ಅದಲುಬದಲು ಮಾಡುತ್ತಿದ್ದಳು. ನೆಂಟರೆಲ್ಲ ಬುದ್ಧಿ ಹೋಯಿತೆಂದು ನಿಶ್ಚಯಿಸಿದರು. ಆದರೆ ಯಾವ ಗದ್ದೆಯ ಕಬ್ಬು ಕಟಾವಿಗೆ ಬಂದಿದೆ ಎಂಬುದನ್ನು ಅವಳು ಬೆರಳು ಮಾಡಿ ಸರಿಯಾಗಿ ತೋರಿಸುತ್ತಿದ್ದಳು. ಹೋಗಿದ್ದದ್ದು ನೆನಪಲ್ಲ, ಮಾತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದನ್ನು ಬಿಡಿಸಿ ಹೇಳಿದರು, ಮಾತಿನ ಅಭ್ಯಾಸವನ್ನೂ ಆರಂಭಿಸಿದರು. ನಿಮ್ಮ ಯಜಮಾನರು ವಾಕ್ಯಗಳನ್ನು ಸರಾಗವಾಗಿ ಆಡುವುದರಿಂದ ಅವರದು ನೆನಪಿನ ತೊಂದರೆಯೇ ಇರಬಹುದೆಂದು ತೋರುತ್ತದೆ, ಆದರೂ ಅದನ್ನು ನರರೋಗ ತಜ್ಞರೇ ಹೇಳಲಿ. ಚೇತರಿಕೆಯ ವೇಗ ಮೊದಲ ಮೂರರಿಂದ ಆರು ತಿಂಗಳಲ್ಲಿ ಹೆಚ್ಚು, ಆಮೇಲೆ ನಿಧಾನವಾಗಿ ಮುಂದುವರಿಯುತ್ತದೆ. ಆದ್ದರಿಂದ ತಡಮಾಡಬೇಡಿ.

ಓದುಗರು, ಸರಸ್ವತೀಪುರಂ, ಮೈಸೂರು

ನಮ್ಮ ಮನೆಯವರಿಗೂ ಸಂಜೆಯ ಹೊತ್ತೇ ಕಷ್ಟ. ಕತ್ತಲಾಗುವ ಮುಂಚೆಯೇ ಎಲ್ಲ ದೀಪ ಹಾಕುತ್ತೇವೆ, ಟಿವಿ ಆರಿಸುತ್ತೇವೆ, ಮಧ್ಯಾಹ್ನ ಹೆಚ್ಚು ಹೊತ್ತು ಮಲಗಲು ಬಿಡುವುದಿಲ್ಲ. "ಊರಿಗೆ ಹೋಗೋಣ" ಎಂದಾಗ ಇದೇ ನಮ್ಮ ಮನೆ ಎಂದು ವಾದಿಸಿದರೆ ಸಿಟ್ಟು ಏರುತ್ತದೆ. "ಆಗಲಿ, ಕಾಫಿ ಕುಡಿದು ಹೊರಡೋಣ" ಎಂದು ಕೂರಿಸಿ ಊರಿನ ಮಾತನ್ನೇ ತೆಗೆದರೆ ಮನಸ್ಸು ಬೇರೆಡೆಗೆ ತಿರುಗುತ್ತದೆ. ನೋಡಲು ಬಂದವರು "ನಾನು ಯಾರು ಹೇಳಿ ನೋಡೋಣ" ಎಂದು ಪರೀಕ್ಷೆಗಿಳಿಯುವುದನ್ನು ಮಾತ್ರ ಗೇಟಿನಲ್ಲೇ ತಡೆಯಿರಿ. ಎಷ್ಟು ಹೇಳಿದರೂ ನಮ್ಮವರಿಗೆ ಆ ಚಪಲ ಬಿಡುವುದಿಲ್ಲ.

ಮಾತ್ರೆಗಳು ಅವರ ಕೈಗೆ ಸಿಗದಿರಲಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮರೆತು ಮತ್ತೆ ಮತ್ತೆ ನುಂಗಿದರೆ ರಕ್ತಸ್ರಾವದ ಭಯ, ಬಿಪಿ ಮಾತ್ರೆಯಾದರೆ ತಲೆ ಸುತ್ತಿ ಬೀಳುವ ಭಯ. ವಾರದ ಡಬ್ಬಿಯಲ್ಲಿ ಹಾಕಿ, ಬೀರುವಿನಲ್ಲಿಟ್ಟು, ನೀವೇ ಕೊಡಿ.

ಇನ್ನೊಂದು ಮುಖ್ಯ ಸಂಗತಿ. ಗೊಂದಲ ಒಂದೆರಡು ದಿನಗಳಲ್ಲೇ ಏಕಾಏಕಿ ಹೆಚ್ಚಿದರೆ, ಹಗಲಿಡೀ ತೂಕಡಿಸಿದರೆ, ಇಲ್ಲದ್ದು ಕಾಣುತ್ತದೆ ಎಂದರೆ, ಅದನ್ನು ಹಳೆಯ ಕಾಯಿಲೆಯ ಲೆಕ್ಕಕ್ಕೆ ಬರೆಯದೆ ಅಂದೇ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆಯಾಗುವುದು, ನೆಗಡಿಗೋ ನಿದ್ರೆಗೋ ಕೊಟ್ಟ ಮಾತ್ರೆ, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ನಮ್ಮವರಿಗೆ ಹಾಗಾದಾಗ ರಕ್ತದಲ್ಲಿ ಸೋಡಿಯಂ ಇಳಿದಿತ್ತು. ಬಿಪಿಗೆಂದು ಕೊಡುತ್ತಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ವೈದ್ಯರು ಬದಲಿಸಿದ ಮೇಲೆ ಮೊದಲಿನ ಸ್ಥಿತಿಗೆ ಬಂದರು. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈ ಸೋತರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಗಡುವಿದೆ.

ಬೆಂಗಳೂರಿನ ವಿಷಯದಲ್ಲಿ, ನಿಮ್ಮ ಕೈಯಲ್ಲಿ ಸಾಗುವಷ್ಟು ದಿನ ಇಲ್ಲೇ ಇರಿ ಎಂಬುದು ನನ್ನ ಅಭಿಪ್ರಾಯ. ಹೊಸ ಮನೆಯಲ್ಲಿ ಬಚ್ಚಲು ಯಾವ ಕಡೆ ಎಂಬುದರಿಂದಲೇ ಅವರಿಗೆ ಗೊಂದಲ ಶುರುವಾಗುತ್ತದೆ. ಬದಲಿಗೆ ಮಗನೇ ಆಗಾಗ ಬಂದು ಒಂದೆರಡು ರಾತ್ರಿ ತಂದೆಯನ್ನು ನೋಡಿಕೊಳ್ಳಲಿ, ನಿಮಗೂ ನಿದ್ರೆ ಬೇಕು. ಮನಸ್ಸು ತೀರಾ ಕುಗ್ಗಿದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಖರ್ಚಿಲ್ಲ.

ನಿವೃತ್ತ ಬ್ಯಾಂಕ್ ನೌಕರ, ಮದ್ದೂರು

ಆರೈಕೆಯ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ಹಣದ ವಿಚಾರ ಮಾತ್ರ ಹೇಳುತ್ತೇನೆ. ಅವರಿಗೆ ತಿಳಿದು ಸಹಿ ಹಾಕುವ ವಿವೇಚನೆ ಇರುವಾಗಲೇ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ವ್ಯವಹರಿಸುವಂತೆ ಜಂಟಿ ಮಾಡಿಸಿ, ನಾಮಿನಿ ಹೆಸರು ಸರಿಯಿದೆಯೇ ನೋಡಿಕೊಳ್ಳಿ. ಸಾಮಾನ್ಯ ಅಧಿಕಾರ ಪತ್ರವಿದ್ದರೆ ಸಾಕೆಂದು ಹಲವರು ತಿಳಿಯುತ್ತಾರೆ, ಆದರೆ ಬರೆದುಕೊಟ್ಟವರ ಬುದ್ಧಿಸ್ಥಿಮಿತ ತಪ್ಪಿದರೆ ನಮ್ಮ ಕಾನೂನಿನಂತೆ ಅದು ಊರ್ಜಿತವಾಗಿ ಉಳಿಯುವುದಿಲ್ಲ, ಆಮೇಲೆ ನ್ಯಾಯಾಲಯಕ್ಕೆ ಹೋಗಿ ಪಾಲಕರಾಗಿ ನೇಮಿಸಿಕೊಳ್ಳಬೇಕಾಗುತ್ತದೆ. ಅವರ ಎಟಿಎಂ ಕಾರ್ಡು ಮತ್ತು ಮೊಬೈಲನ್ನು ಇಂದಿನಿಂದಲೇ ನಿಮ್ಮ ಬಳಿ ಇಟ್ಟುಕೊಳ್ಳಿ. ಓಟಿಪಿ ಕೇಳಿ ಕರೆ ಮಾಡುವ ವಂಚಕರಿಗೆ ಇಂಥವರೇ ಸುಲಭವಾಗಿ ಸಿಗುವುದು.