‘ಕೂಡಿಸಿ ಓದು’, ‘ಗುಡಿಸು’, ‘ಏತ್ವ’: ಮೊದಲ ಓದಿನ ತರಗತಿಗೆ ಬೇಕಾದ ಪದಗಳು

ಮಾನ್ಯರೇ,

ಒಂದನೆಯ ತರಗತಿಯ ಶಿಕ್ಷಕರಿಗಾಗಿ ಓದು ಕಲಿಸುವ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಬಿಡಿ ಧ್ವನಿಗಳನ್ನು ಒಂದರ ಹಿಂದೊಂದು ಉಚ್ಚರಿಸಿ ಕೊನೆಗೆ ಇಡೀ ಪದವಾಗಿ ಹೇಳುವ ಕ್ರಿಯೆಗೆ, ಇಂಗ್ಲಿಷ್ ಕಲಿಸುವವರು ‘ಬ್ಲೆಂಡಿಂಗ್’ ಎನ್ನುವುದಕ್ಕೆ, ಆರು ವರ್ಷದ ಮಗುವಿಗೂ ತಿಳಿಯುವ ಕನ್ನಡ ಮಾತು ಯಾವುದು? ಸ್ವರಚಿಹ್ನೆಗಳನ್ನು ತರಗತಿಯಲ್ಲಿ ಯಾವ ಹೆಸರಿನಿಂದ ಕರೆಯುವುದು ಸರಿ? ಈ ಎರಡು ಪ್ರಶ್ನೆಗಳಿಗೆ ತಮ್ಮ ಅಭಿಪ್ರಾಯ ಕೋರುತ್ತೇನೆ.

ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ಹಿಡಿದು ಓದು ಕಲಿಸುವ ‘ಫೋನಿಕ್ಸ್’ ಪದ್ಧತಿ ಕನ್ನಡಕ್ಕೆ ಬೇಕಾಗಿಯೇ ಇಲ್ಲ ಎಂಬ ವಾದವನ್ನು ಬಲ್ಲೆ, ಅದರಲ್ಲಿ ಅರ್ಧದಷ್ಟು ನಿಜವೂ ಇದೆ. ಇಂಗ್ಲಿಷಿನಲ್ಲಿ 26 ಅಕ್ಷರಗಳು ಸುಮಾರು 44 ಧ್ವನಿಗಳನ್ನು ಹೊರಬೇಕು, ‘ಎಚ್’ ಎಂಬ ಹೆಸರಿನಲ್ಲಿ ‘ಹ’ಕಾರದ ಸುಳಿವೂ ಇಲ್ಲ, ಆದ್ದರಿಂದ ಅಕ್ಷರದ ಹೆಸರು ಬೇರೆ, ಅದರ ಧ್ವನಿ ಬೇರೆ ಎಂದು ಅಲ್ಲಿ ಮೊದಲು ಕಲಿಸಬೇಕಾಗುತ್ತದೆ. ನಮ್ಮಲ್ಲಿ ‘ಗ’ ಎಂಬ ಅಕ್ಷರದ ಹೆಸರೂ ‘ಗ’, ಧ್ವನಿಯೂ ‘ಗ’. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿಯಾದ ನಲಿ-ಕಲಿಯು ವರ್ಣಮಾಲೆಯ ಕ್ರಮವನ್ನು ಬಿಟ್ಟು ‘ರ ಗ ಸ ದ ಅ’ ಎಂದು ಮೊದಲುಮಾಡಿದಾಗ, ಆಕಾರ ಹೋಲುವ ಐದು ಅಕ್ಷರಗಳಿಂದಲೇ ಮಗು ‘ಅರಸ’, ‘ಗರಗಸ’ ಎಂದು ಓದಬಲ್ಲದಾಯಿತು. ಅಲ್ಲಿಯವರೆಗೆ ಯಾವ ತೊಡಕೂ ಇಲ್ಲ.

ತೊಡಕು ಕಾಗುಣಿತದಲ್ಲಿ ಆರಂಭವಾಗುತ್ತದೆ. ‘ಕ’ ಎಂಬುದು ಒಂದು ಅಕ್ಷರವಾದರೂ ಅದರೊಳಗೆ ‘ಕ್’ ಮತ್ತು ‘ಅ’ ಎಂಬ ಎರಡು ವರ್ಣಗಳಿವೆ. ‘ಕಿ’ ಆಗಬೇಕಾದರೆ ‘ಅ’ ಹೋಗಿ ‘ಇ’ ಬರಬೇಕು. ನಾವು ಮಗುವಿಗೆ ಕಲಿಸುವ ಪಾಠವಾದರೋ ‘ಕ ಗುಡಿಸು ಕಿ, ಕ ಕೊಂಬು ಕು’ ಎಂಬುದು. ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರುಸುಳಿ ಇವೆಲ್ಲ ಆಕಾರವನ್ನು ಹೇಳುವ ಹೆಸರುಗಳು. ಏತ್ವ, ಐತ್ವ, ಓತ್ವ, ಔತ್ವ ಮಾತ್ರ ಧ್ವನಿಯನ್ನು ಹೇಳುವವು. ಒಂದೇ ಬಳ್ಳಿಯಲ್ಲಿ ಎರಡು ಬಗೆಯ ಹೆಸರುಗಳು ಬೆರೆತಿರುವುದನ್ನು ನಾವು ಗಮನಿಸುವುದೇ ಇಲ್ಲ. ಬರೆಯುವ ಕೈಗೆ ‘ಗುಡಿಸು’ ಬಹಳ ಒಳ್ಳೆಯ ಹೆಸರು, ಅದನ್ನು ಕಳೆದುಕೊಳ್ಳಬಾರದು. ಆದರೆ ಓದುವ ಮಗುವಿಗೆ ಅದರಿಂದ ‘ಇ’ ಎಂಬ ಧ್ವನಿಯ ಸೂಚನೆ ಸಿಗದು. ಕನ್ನಡ ಆಗತಾನೆ ಕಲಿಯುತ್ತಿರುವ ಮಗುವಿಗಂತೂ ಗುಡಿಸುವುದೆಂದರೆ ಕಸ ಗುಡಿಸುವುದೇ ಆಗಿರುತ್ತದೆ.

ಅಂಥ ಮಕ್ಕಳು ನಮ್ಮ ಶಾಲೆಗಳಲ್ಲಿ ಬೇಕಾದಷ್ಟಿದ್ದಾರೆ. ದಖನಿ ಉರ್ದು ಆಡುವ ಮನೆಯಿಂದ ಬಂದ ಮಗುವಿಗೆ ‘ಳ’ಕಾರ ಹೊಸದು, ‘ಹಳ್ಳಿ’ಯನ್ನು ‘ಹಲ್ಲಿ’ ಎಂದು ಓದಿದರೆ ಅದು ಅಕ್ಷರ ಗೊತ್ತಿಲ್ಲದ ತಪ್ಪಲ್ಲ, ಕಿವಿಗೆ ಇನ್ನೂ ಪರಿಚಯವಾಗದ ಧ್ವನಿಯ ಮಾತು. ತುಳು ಮನೆಮಾತಿನ ಮಗು ಪದದ ಕೊನೆಯಲ್ಲಿ ಆಡುವ, ತುಟಿ ದುಂಡಗಾಗದ ‘ಉ’ವಿಗೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಚಿಹ್ನೆಯೇ ಇಲ್ಲ. ಕನ್ನಡವೇ ಮನೆಮಾತಾದ ಹಳೆಯ ಮೈಸೂರಿನ ಎಷ್ಟೋ ಮಕ್ಕಳು ‘ಹಾಲು’ ಎಂಬಲ್ಲಿ ‘ಆಲು’ ಎನ್ನುತ್ತಾರೆ. ಇವರೆಲ್ಲರಿಗೂ ಒಂದೇ ‘ಉಚ್ಚಾರ ದೋಷ’ ಎಂಬ ಪದವನ್ನು ಬಳಸುವುದು ನನಗೆ ಸಮ್ಮತವಲ್ಲ. ಕೈಪಿಡಿಯಲ್ಲಿ ಅದರ ಬದಲು ‘ಮನೆಮಾತಿನ ಉಚ್ಚಾರ’ ಎಂದು ಬರೆದಿದ್ದೇನೆ.

ಇನ್ನು ಮೊದಲ ಪ್ರಶ್ನೆಗೆ. ‘ಕೂಡಿಸಿ ಓದು’ ಎಂಬುದು ಹಿರಿಯರ ಬಾಯಲ್ಲಿ ಇರುವ ಮಾತು, ಆದರೆ ‘ಅವನು ಇನ್ನೂ ಕೂಡಿಸಿಕೊಂಡು ಓದುತ್ತಾನೆ’ ಎಂದಾಗ ತಡವರಿಸುತ್ತಾನೆ ಎಂಬ ಅರ್ಥ ಬರುತ್ತದೆ. ಗಣಿತದ ಅವಧಿಯಲ್ಲಿ ಅದೇ ಪದ ಸಂಕಲನಕ್ಕೆ ಬೇಕು. ‘ಗುಣಿತ’ವೂ ವ್ಯಂಜನ ಸ್ವರಗಳ ಸೇರುವಿಕೆಗೆ ಮಾತ್ರ ಸಲ್ಲುತ್ತದೆ, ಇಡೀ ಪದಕ್ಕಲ್ಲ. ‘ಸಂಧಿ’ ಎಂದರೆ ವ್ಯಾಕರಣದ ಲೋಪ, ಆಗಮ, ಆದೇಶಗಳು ನೆನಪಾಗುತ್ತವೆ. ಸದ್ಯಕ್ಕೆ ನಾನು ‘ಬೆಸೆದು ಓದು’ ಎಂದು ಇಟ್ಟುಕೊಂಡಿದ್ದೇನೆ, ಅದರ ವಿರುದ್ಧ ಕ್ರಿಯೆಗೆ ‘ಬಿಡಿಸಿ ಹೇಳು’ ಎಂದು. ‘ಬಿಡಿಸಿ ಹೇಳು’ ಎಂಬುದಕ್ಕೆ ವಿವರಿಸು ಎಂಬ ಅರ್ಥ ಗಟ್ಟಿಯಾಗಿ ನೆಲೆಸಿರುವುದರಿಂದ ಅದರಲ್ಲಿ ನನಗೆ ಪೂರ್ತಿ ಸಮಾಧಾನವಿಲ್ಲ.

ವ್ಯಂಜನವನ್ನು ಸ್ವರದಿಂದ ಬೇರ್ಪಡಿಸಿ ಕೇಳುವುದು ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ವ್ಯಂಜನ ಒಂದೇ ಇದ್ದು ಸ್ವರ ಬದಲಾಗಬಹುದೆಂಬ ಪ್ರಾಸದ ನಿಯಮವನ್ನು ಹಳಗನ್ನಡದ ಕವಿಗಳು ಶತಮಾನಗಳ ಕಾಲ ಪಾಲಿಸಿದ್ದಾರೆ. ‘ಮರ, ಕುರಿ, ಕರು’ ಎಂದು ಹೇಳಿ ಎರಡನೆಯ ಅಕ್ಷರದಲ್ಲಿ ಸಮಾನವಾಗಿರುವ ಧ್ವನಿಯನ್ನು ಹುಡುಕಿಸುವ ಆಟವನ್ನು ಇದೇ ನಿಯಮದ ಮೇಲೆ ಕಟ್ಟಬಹುದು.

ಅರ್ಕಾವತ್ತಿನ ವಿಷಯದಲ್ಲಿ ಇನ್ನೊಂದು ಸಂದೇಹವಿದೆ. ‘ಸೂರ್ಯ’ ಪದದಲ್ಲಿ ‘ರ್’ ಬರೆಯುವುದು ‘ಯ’ದ ನಂತರ, ಉಚ್ಚರಿಸುವುದು ಅದಕ್ಕೆ ಮೊದಲು. ಎಡದಿಂದ ಬಲಕ್ಕೆ ಬೆಸೆಯುತ್ತ ಬಂದ ಮಗುವಿಗೆ ಇಲ್ಲಿ ಹಿಂದಕ್ಕೆ ಬಂದು ಓದಬೇಕೆಂದು ಹೇಳಲು, ಅರ್ಕಾವತ್ತು ಎಂಬ ಹೆಸರಿಗಿಂತ ಸುಲಭವಾದ ತರಗತಿಯ ಮಾತೇನಾದರೂ ತಮ್ಮ ಕಡೆ ಬಳಕೆಯಲ್ಲಿದೆಯೇ?

ಧಾರವಾಡ, ಕಲಬುರಗಿ, ಕರಾವಳಿ, ಕೊಡಗಿನ ಶಾಲೆಗಳಲ್ಲಿ ಕಲಿತವರು ಹಾಗೂ ಹೊರದೇಶಗಳಲ್ಲಿ ವಾರಾಂತ್ಯದ ಕನ್ನಡ ತರಗತಿ ನಡೆಸುವವರು, ಸ್ವರಚಿಹ್ನೆಗಳಿಗೆ ತಾವು ಬಳಸುವ ಹೆಸರುಗಳನ್ನು ‘ಆ’ಯಿಂದ ‘ಔ’ವರೆಗೆ ಕ್ರಮವಾಗಿ, ಮಕ್ಕಳು ರಾಗವಾಗಿ ಹೇಳುವ ರೂಪದಲ್ಲಿಯೇ ಬರೆದು ತಿಳಿಸಿದರೆ ತುಂಬ ಉಪಕಾರವಾಗುತ್ತದೆ.